ಮನೆಯಲ್ಲೇ ಒಂದನೇ ತರಗತಿ: ಪುಟ್ಟ ಮಗುವಿಗೆ ಯಾವ ಪಠ್ಯ?



ನಮ್ಮ ಮಾತುಕತೆ ಕಾರ್ಯಕ್ರಮಕ್ಕೆ ಫೋನ್ ಮಾಡಿದ ಪಿಯುಸಿ ಓದುವ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ ಇದು: “ನನ್ನ ತಮ್ಮನಿಗೆ ಆರು ವರ್ಷ. ಈ ವರ್ಷ ಅವನನ್ನು ಶಾಲೆಗೆ ಕಳಿಸುತ್ತಿಲ್ಲ. ಮನೆಯಲ್ಲಿ ನಾನೇ ಪಾಠ ಹೇಳಬೇಕು ಅಂತ ಅಮ್ಮ ಹೇಳಿದ್ದಾರೆ. ಯಾವ ಪುಸ್ತಕ ತರಿಸಲಿ?” ಅತಿಥಿಗಳು ಉತ್ತರ ಆರಂಭಿಸುವ ಹೊತ್ತಿಗೆ ಸಮಯ ಮುಗಿದಿತ್ತು. ಕಂಟ್ರೋಲ್ ರೂಮಿನಲ್ಲಿ ಕುಳಿತು ‘ಇನ್ನು ಅರ್ಧ ನಿಮಿಷ’ ಎಂದು ಸೂಚನೆ ಕೊಟ್ಟವಳು ನಾನೇ. ಆ ಋಣ ತೀರಿಸಲು ಈ ಲೇಖನ.

ಇದು ತಂದೆತಾಯಿಯರ ವಿಷಯ, ನಮಗೇಕೆ ಎಂದು ನೀವು ಕೇಳಬಹುದು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯಲ್ಲಿ ‘ಸೇತುಬಂಧ’ ಪಾಠಗಳು ಬರುತ್ತಿದ್ದವು. ಅದು ಹೈಸ್ಕೂಲಿನ ಮಕ್ಕಳಿಗಾಯಿತು. ಒಂದನೇ, ಎರಡನೇ ತರಗತಿಯ ಮಕ್ಕಳಿಗೆ ಎಷ್ಟೋ ಮನೆಗಳಲ್ಲಿ ಅಕ್ಷರ ತಿದ್ದಿಸಿದವರು ಅಕ್ಕಂದಿರು, ಅಣ್ಣಂದಿರು. ಅಂದರೆ ನಿಮ್ಮಲ್ಲಿ ಹಲವರು ಆಗಲೇ ಮೇಷ್ಟ್ರಾಗಿದ್ದೀರಿ. ಮುಂದೆ ಡಿ.ಎಲ್.ಎಡ್. ಓದಿ ನಿಜವಾದ ಮೇಷ್ಟ್ರಾಗುವವರೂ ಇರುತ್ತೀರಿ.

ಮೊದಲು ನಾನೇ ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಸಾಗರದ ಹತ್ತಿರದ ಹಳ್ಳಿಯಲ್ಲಿರುವ ನನ್ನ ತಂಗಿಯ ಮಗಳಿಗೆ (ಮನೆಯಲ್ಲಿ ಅವಳು ಪುಟ್ಟಿ) ಒಂದನೇ ತರಗತಿಗೆ ಸೇರಬೇಕಾದ ವರ್ಷವೇ ಕಾಲಿನ ಮೂಳೆಯ ಶಸ್ತ್ರಚಿಕಿತ್ಸೆ ಆಯಿತು. ಒಂದು ವರ್ಷ ಶಾಲೆಯ ಓಡಾಟ ಬೇಡ ಎಂದರು ವೈದ್ಯರು. “ಅಕ್ಕಾ, ನೀನು ಬಿ.ಎಸ್ಸಿ. ಮಾಡಿದವಳು, ಟಿ.ವಿ.ಯಲ್ಲಿ ದಿನಾ ತಜ್ಞರ ಜೊತೆ ಇರುತ್ತೀಯ. ಏನು ತರಿಸಬೇಕು ಹೇಳು” ಎಂದಳು ತಂಗಿ. ನಾನು ಹೆಚ್ಚು ಯೋಚಿಸದೆ, ಇಡೀ ವರ್ಷದ ಪಾಠ ಒಂದೇ ಪೆಟ್ಟಿಗೆಯಲ್ಲಿ ಬರುವ ದುಬಾರಿ ಇಂಗ್ಲಿಷ್ ಸೆಟ್ಟೊಂದನ್ನು ಸೂಚಿಸಿದೆ. ಬಣ್ಣದ ವರ್ಕ್‌ಶೀಟುಗಳು, ಪ್ಲಾಸ್ಟಿಕ್ ಘನಗಳು, ತಾಯಿಗೆ ದಿನದಿನದ ವೇಳಾಪಟ್ಟಿ, ಎಲ್ಲವೂ ಇತ್ತು. ಮೂರು ವಾರದ ಮೇಲೆ ನಾನು ಊರಿಗೆ ಹೋದಾಗ ಪುಟ್ಟಿ ಹಿಮಮಾನವನಿಗೆ ಬಣ್ಣ ತುಂಬುತ್ತಿದ್ದಳು. ಹೊರಗೆ ಜಡಿಮಳೆ. “ದೊಡ್ಡಮ್ಮಾ, ಇದು ಮುಗಿಯೋದೇ ಇಲ್ಲ” ಎಂದು ಅಳು. ಒಂದರಿಂದ ನೂರರವರೆಗೆ ಇಂಗ್ಲಿಷಿನಲ್ಲಿ ಗಡಗಡ ಹೇಳುತ್ತಾಳೆ. ಆದರೆ ‘ಸೆವೆಂಟೀನ್ ಬರಿ’ ಎಂದರೆ 71 ಎಂದು ಬರೆಯುತ್ತಾಳೆ. ಆ 71ರ ಕಥೆಗೆ ಆಮೇಲೆ ಬರುತ್ತೇನೆ.

ಪೆಟ್ಟಿಗೆಯಲ್ಲಿ ವರ್ಷದ ಪಾಠ ಕಳಿಸುವ ಪದ್ಧತಿ ಹೊಸದಲ್ಲ. ಅಮೆರಿಕದ ಬಾಲ್ಟಿಮೋರ್ ನಗರದ ಕ್ಯಾಲ್ವರ್ಟ್ ಶಾಲೆ ಇಪ್ಪತ್ತನೇ ಶತಮಾನದ ಆರಂಭದಲ್ಲೇ ಅಂಚೆಯ ಮೂಲಕ ಇಂಥ ಪಾಠಗಳನ್ನು ಕಳಿಸುತ್ತಿತ್ತು. ಇಂದು ಮನೆಶಿಕ್ಷಣದ ಅಂಗಡಿಗೆ ಹೊಕ್ಕರೆ ಹೆಸರುಗಳ ಜಾತ್ರೆಯೇ ಕಾಣುತ್ತದೆ. ಇಂಗ್ಲೆಂಡಿನ ಷಾರ್ಲೆಟ್ ಮೇಸನ್ ಅವರ ದಾರಿಯಲ್ಲಿ ಪಾಠಗಳು ಚಿಕ್ಕವು, ಒಳ್ಳೆಯ ಕಥೆಪುಸ್ತಕಗಳು ಹೆಚ್ಚು, ಹೊರಗಿನ ಗಿಡಮರಗಳ ಜೊತೆ ಒಡನಾಟ ಹೆಚ್ಚು. ಮಾರಿಯಾ ಮಾಂಟೆಸ್ಸೊರಿ ಅವರ ದಾರಿಯಲ್ಲಿ ಕೈಯಿಂದ ಮುಟ್ಟಿ, ಜೋಡಿಸಿ ಕಲಿಯುವ ಸಾಮಗ್ರಿಯೇ ಮುಖ್ಯ. ಅವರು 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದು ಯುದ್ಧ ಮುಗಿಯುವವರೆಗೂ ನಮ್ಮ ದೇಶದಲ್ಲೇ ಇದ್ದರು. 1919ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಹುಟ್ಟಿದ ವಾಲ್ಡಾರ್ಫ್ ಪದ್ಧತಿಯವರು ಏಳು ವರ್ಷದ ಹೊತ್ತಿನವರೆಗೆ ಓದು-ಬರಹಕ್ಕೆ ಅವಸರ ಬೇಡ ಎನ್ನುತ್ತಾರೆ. ಪಠ್ಯವೇ ಬೇಡ, ಮಗುವಿನ ಕುತೂಹಲವನ್ನು ಹಿಂಬಾಲಿಸಿ ಎಂದವರು ಜಾನ್ ಹೋಲ್ಟ್. ಪ್ರತಿಯೊಂದರಲ್ಲೂ ಒಳ್ಳೆಯ ಅಂಶವಿದೆ, ಪ್ರತಿಯೊಂದಕ್ಕೂ ಭಕ್ತರಿದ್ದಾರೆ. ಆದರೆ ಹೆಸರಿನಿಂದ ಆಯ್ಕೆ ಆರಂಭಿಸಿದರೆ ದಾರಿ ತಪ್ಪುತ್ತದೆ. ನಾನು ತಪ್ಪಿದ್ದು ಹಾಗೆಯೇ. ಮೊದಲು ನೋಡಬೇಕಾದದ್ದು ಮಗು ಯಾವ ಭಾಷೆಯಲ್ಲಿ ಯೋಚಿಸುತ್ತದೆ, ಆ ಭಾಷೆಯ ಲಿಪಿ ಎಂಥದು ಎಂಬುದನ್ನು.

ಇಂಗ್ಲಿಷಿನಲ್ಲಿ ಇಪ್ಪತ್ತಾರು ಅಕ್ಷರ. ಅವನ್ನು ಗುರುತಿಸಲು ಕಲಿಯುವುದು ಕೆಲವು ತಿಂಗಳ ಕೆಲಸ. ಅವು ಪದಗಳಲ್ಲಿ ಹೇಗೆಲ್ಲ ಉಚ್ಚಾರವಾಗುತ್ತವೆ ಎಂಬುದು ಆಮೇಲಿನ ತಲೆನೋವು. ಕನ್ನಡದಲ್ಲಿ ಇದು ತಿರುಗುಮುರುಗು. ಬರೆದಂತೆ ಓದುತ್ತೇವೆ, ನಿಜ. ಆದರೆ ವರ್ಣಮಾಲೆಯ ಮೇಲೆ ಕಾಗುಣಿತ, ಕಾಗುಣಿತದ ಮೇಲೆ ಒತ್ತಕ್ಷರ. ಮಗು ಕಣ್ಣಿನಿಂದ ಗುರುತಿಸಬೇಕಾದ ಆಕಾರಗಳು ನಾನೂರಕ್ಕೂ ಹೆಚ್ಚು. ಕನ್ನಡದ ಮಕ್ಕಳು ಓದು ಕಲಿಯುವ ಬಗೆಯನ್ನು ಕುರಿತು ಸೊನಾಲಿ ನಾಗ್ ಅವರು 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಈ ಅಕ್ಷರಗಳ ಮೇಲೆ ಹಿಡಿತ ಬರುವ ಕೆಲಸ ನಾಲ್ಕನೇ ತರಗತಿಯವರೆಗೂ ನಡೆಯುತ್ತಲೇ ಇರುತ್ತದೆ ಎಂದು ಅದರಲ್ಲಿ ಕಂಡುಬಂತು. ಇಂಗ್ಲಿಷ್ ಪೆಟ್ಟಿಗೆಯ ವೇಳಾಪಟ್ಟಿ ಹಿಡಿದು ‘ಆರು ತಿಂಗಳಾಯಿತು, ಇನ್ನೂ ಸಂಯುಕ್ತಾಕ್ಷರ ಬಂದಿಲ್ಲ’ ಎಂದು ನಿಮ್ಮ ತಮ್ಮನನ್ನು ಗದರಿದರೆ ತಪ್ಪು ಅವನದಲ್ಲ, ಪಟ್ಟಿಯದು.

ಇನ್ನು ಅಕ್ಷರಗಳ ಕ್ರಮ. ಅ, ಆ, ಇ, ಈ ಎಂದು ಆರಂಭಿಸುವುದು ನಮಗೆಲ್ಲ ರೂಢಿ. ನಾಲಗೆ ಎಲ್ಲಿ ಮುಟ್ಟುತ್ತದೆ ಎಂಬುದರ ಮೇಲೆ ಧ್ವನಿಗಳನ್ನು ಸಾಲಾಗಿ ಜೋಡಿಸಿದ ಸೊಗಸಾದ ಕ್ರಮ ಅದು. ವಿಜ್ಞಾನದ ವಿದ್ಯಾರ್ಥಿಯಾಗಿ ನನಗೆ ಮೆಂಡಲೀವ್‌ನ ಕೋಷ್ಟಕ ನೆನಪಾಗುತ್ತದೆ. ಆದರೆ ಒಂದು ಪ್ರಯೋಗ ಮಾಡಿ. ಸ್ವರಗಳನ್ನಷ್ಟೇ ಬಳಸಿ ಎಷ್ಟು ಪದ ಮಾಡಬಲ್ಲಿರಿ? ‘ಆ’, ‘ಈ’ ಬಿಟ್ಟರೆ ಹೆಚ್ಚೇನೂ ಸಿಗದು. ಮಗು ವಾರಗಟ್ಟಲೆ ತಿದ್ದಿದರೂ ಓದಲು ಒಂದು ಪದವಿಲ್ಲ. ಈಗ ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿಯ ಕ್ರಮ ನೋಡಿ. ಅಲ್ಲಿ ಮೊದಲ ಗುಂಪು ರ, ಗ, ಸ, ದ, ಅ. ಈ ಐದರಿಂದಲೇ ಸರ, ಅರಸ, ಅಗಸ, ಗರಗಸ! ಮುಂದಿನ ಗುಂಪು ಜ, ವ, ಮ, ಬ, ನ. ಆಗ ಮರ, ಜನ, ವನ, ಬಸವ ಎಲ್ಲರೂ ಬರುತ್ತಾರೆ. ಒಂದೂ ಕಾಗುಣಿತವಿಲ್ಲದೆ ಮಗು ಓದತೊಡಗುತ್ತದೆ. ಪುಟ್ಟಿ ‘ಗರಗಸ’ವನ್ನು ತಾನಾಗಿ ಓದಿದ ದಿನ ಮನೆಯ ಗೋಡೆ, ಬಾಗಿಲು, ಅಜ್ಜನ ಪಂಚಾಂಗದ ಹಿಂಬದಿ ಎಲ್ಲ ಕಡೆಯೂ ಗರಗಸವೇ.

ನಲಿ-ಕಲಿ ಹೊರದೇಶದ್ದಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, ತಾವೇ ಕೂತು ಕಾರ್ಡುಗಳನ್ನು, ಹಾಡುಗಳನ್ನು ರೂಪಿಸಿದರು. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಅದರಲ್ಲಿ ‘ಕಲಿಕಾ ಏಣಿ’ ಎಂಬುದೊಂದಿದೆ. ಮಗು ಒಂದು ಮೆಟ್ಟಿಲು ಹತ್ತಿದ ಮೇಲೆಯೇ ಮುಂದಿನದು. ನಡುವೆ ಜ್ವರ ಬಂದು ಹದಿನೈದು ದಿನ ತಪ್ಪಿದರೂ ಬಿಟ್ಟ ಮೆಟ್ಟಿಲಿನಿಂದಲೇ ಆರಂಭ. ಮನೆಯಲ್ಲಿ ಕಲಿಯುವ ಮಗುವಿಗೆ ಇದಕ್ಕಿಂತ ಹೊಂದುವ ಏರ್ಪಾಡು ಯಾವುದು? ಪಕ್ಕದ ಸರ್ಕಾರಿ ಶಾಲೆಯಲ್ಲಿ ಇದ್ದ ವಸ್ತುವನ್ನು ಬಿಟ್ಟು ನಾನು ಸಾವಿರಾರು ರೂಪಾಯಿಯ ಪೆಟ್ಟಿಗೆ ತರಿಸಿದ್ದೆ!

ಈಗ 71ರ ಕಥೆ. ‘ಸೆವೆಂಟೀನ್’ ಎನ್ನುವಾಗ ಕಿವಿಗೆ ಮೊದಲು ಬೀಳುವುದು ಸೆವೆನ್, ಆಮೇಲೆ ಹತ್ತು. ಕೇಳಿದ ಕ್ರಮದಲ್ಲೇ ಮಗು ಬರೆಯುತ್ತದೆ: ಮೊದಲು 7, ಆಮೇಲೆ 1. ಅದರ ತರ್ಕ ಸರಿಯಾಗಿಯೇ ಇದೆ. ಕನ್ನಡದಲ್ಲಿ ಹದಿನೇಳು ಎಂದರೆ ಹತ್ತು ಮೊದಲು, ಏಳು ಆಮೇಲೆ. ಬರೆಯುವ ಕ್ರಮವೂ ಅದೇ. ಎಪ್ಪತ್ತೊಂದು ಎಂದರೆ ಎಪ್ಪತ್ತು ಮತ್ತು ಒಂದು. ಹಿಂದಿಯಲ್ಲಿ ಇಪ್ಪತ್ತೊಂದಕ್ಕೆ ‘ಇಕ್ಕೀಸ್’ ಎನ್ನುತ್ತಾರೆ, ಅಲ್ಲಿ ಒಂದು ಮುಂದೆ ಬರುತ್ತದೆ. ಆ ಮಕ್ಕಳು ನೂರರವರೆಗಿನ ಹೆಸರುಗಳನ್ನು ಹೆಚ್ಚುಕಡಿಮೆ ಒಂದೊಂದಾಗಿ ಬಾಯಿಪಾಠ ಮಾಡಬೇಕು. ನಮ್ಮ ಎಣಿಕೆಯ ಹೆಸರುಗಳಲ್ಲೇ ಸ್ಥಾನಬೆಲೆಯ ಪಾಠ ಅಡಗಿದೆ. ಅದನ್ನು ಬಿಟ್ಟು ಆರು ವರ್ಷದ ಕನ್ನಡದ ಮಗುವಿಗೆ ಇಂಗ್ಲಿಷಿನಲ್ಲಿ ಎಣಿಕೆ ಆರಂಭಿಸುವುದು ಹತ್ತಿರದ ಸಂಕ ಬಿಟ್ಟು ಹೊಳೆಗೆ ಇಳಿದಂತೆ. ಪುಟ್ಟಿಗೆ ಹುಣಿಸೆಬೀಜಗಳನ್ನು ಹತ್ತು ಹತ್ತು ಎಣಿಸಿ ಪುಟ್ಟ ಬಟ್ಟೆಗಂಟು ಕಟ್ಟಿಸಿದೆವು. ಒಂದು ಗಂಟು, ಏಳು ಬಿಡಿಬೀಜ: ಹದಿನೇಳು. ಏಳು ಗಂಟು, ಒಂದು ಬೀಜ: ಎಪ್ಪತ್ತೊಂದು. ಎರಡನ್ನೂ ಕೈಯಲ್ಲಿ ಹಿಡಿದವಳು “ಅಯ್ಯೋ, ಎಷ್ಟು ವ್ಯತ್ಯಾಸ!” ಎಂದಳು. ನಾಲ್ಕೈದು ದಿನದಲ್ಲಿ ತೊಂದರೆ ಹೋಯಿತು. ಸಿಂಗಪುರದ ಗಣಿತವೆಂದು ಇಂದು ಮನೆಶಿಕ್ಷಣದವರು ಕೊಂಡಾಡುವ ಪುಸ್ತಕಗಳ ಗುಟ್ಟೂ ಇದೇ. ಮೊದಲು ವಸ್ತು, ನಂತರ ಚಿತ್ರ, ಕೊನೆಗೆ ಅಂಕಿ. ಇದರ ಹಿಂದಿರುವುದು ಅಮೆರಿಕದ ಮನೋವಿಜ್ಞಾನಿ ಜೆರೋಮ್ ಬ್ರೂನರ್ ಅವರ ಚಿಂತನೆ. ತತ್ತ್ವ ತಿಳಿದರೆ ಹುಣಿಸೆಬೀಜವೂ ನಡೆಯುತ್ತದೆ.

ಹಾಗಾದರೆ ಎಷ್ಟು ಕಲಿಸಬೇಕು? ಮಗು ಮುಂದಿನ ವರ್ಷ ಶಾಲೆಗೆ ಹಿಂದಿರುಗುವುದಿದ್ದರೆ ಈ ಪ್ರಶ್ನೆ ಮುಖ್ಯ. 2021ರಲ್ಲಿ ಆರಂಭವಾದ ನಿಪುಣ್ ಭಾರತ್ ಯೋಜನೆಯ ಗುರಿಗಳನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಒಂದನೇ ತರಗತಿಯ ಕೊನೆಗೆ ನಾಲ್ಕೈದು ಸರಳ ಪದಗಳಿರುವ ಹೊಸ ವಾಕ್ಯವನ್ನು ಓದಿ ಅರ್ಥಮಾಡಿಕೊಳ್ಳುವುದು, 99ರವರೆಗೆ ಓದಿ ಬರೆಯುವುದು, ಚಿಕ್ಕ ಕೂಡಿಸು-ಕಳೆ. ಅಷ್ಟೇ! ಪಟ್ಟಣದ ಕೆಲವು ಶಾಲೆಗಳ ಬ್ಯಾಗು ನೋಡಿದರೆ ನಂಬುವುದು ಕಷ್ಟ. ಮೈಸೂರಿನ ಆರ್.ಕೆ. ನಾರಾಯಣ್ ಅವರು ರಾಜ್ಯಸಭೆಯ ತಮ್ಮ ಮೊದಲ ಭಾಷಣದಲ್ಲಿ ಈ ಬ್ಯಾಗಿನ ಭಾರದ ಬಗ್ಗೆಯೇ ಮಾತನಾಡಿದ್ದರು. ನಂತರ ಪ್ರೊ. ಯಶಪಾಲ್ ಸಮಿತಿ ರಚನೆಯಾಗಿ 1993ರಲ್ಲಿ ವರದಿ ಕೊಟ್ಟಿತು. ಮಕ್ಕಳಿಗೆ ನಿಜವಾದ ಹೊರೆ ಚೀಲದ ತೂಕವಲ್ಲ, ಅರ್ಥವಾಗದಿರುವುದು ಎಂಬುದು ಅದರ ಸಾರ. ನಾನು ಚಿಕ್ಕವಳಿದ್ದಾಗ ದೂರದರ್ಶನದ ‘ಟರ್ನಿಂಗ್ ಪಾಯಿಂಟ್’ನಲ್ಲಿ ವೀಕ್ಷಕರ ಪ್ರಶ್ನೆಗಳಿಗೆ ನಗುನಗುತ್ತ ಉತ್ತರಿಸುತ್ತಿದ್ದ ಅದೇ ಯಶಪಾಲ್. ನಾನು ವಿಜ್ಞಾನ ತೆಗೆದುಕೊಂಡದ್ದೂ, ಟಿ.ವಿ.ಗೆ ಬಂದದ್ದೂ ಸ್ವಲ್ಪ ಮಟ್ಟಿಗೆ ಅವರಿಂದಲೇ.

ಪುಸ್ತಕಕ್ಕೆ ದುಡ್ಡು ಸುರಿಯಬೇಕಾಗಿಲ್ಲ. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳು ಅಂತರಜಾಲದಲ್ಲಿ ಉಚಿತ. ಎನ್‌ಸಿಇಆರ್‌ಟಿ 2023ರಲ್ಲಿ ಒಂದು ಮತ್ತು ಎರಡನೇ ತರಗತಿಗೆ ತಂದ ಹೊಸ ಗಣಿತ ಪುಸ್ತಕಗಳೂ ಹಾಗೆಯೇ. ಚಿತ್ರ ಹೆಚ್ಚು, ಲೆಕ್ಕ ಕಡಿಮೆ, ಮಾತು ಬಹಳ. ಕಥೆಗಳಿಗೆ ಬೆಂಗಳೂರಿನ ಪ್ರಥಮ್ ಬುಕ್ಸ್‌ನವರ ‘ಸ್ಟೋರಿವೀವರ್’ನಲ್ಲಿ ಕನ್ನಡದ ಪುಸ್ತಕಗಳು ಮಟ್ಟದ ಪ್ರಕಾರ ಸಿಗುತ್ತವೆ. ಏನನ್ನು ಆರಿಸಿದರೂ ವರ್ಷದ್ದನ್ನೆಲ್ಲ ಒಮ್ಮೆಗೇ ಕೊಳ್ಳಬೇಡಿ. ಒಂದು ವಾರದ ಪಾಠ ಮಾಡಿ ನೋಡಿ. ಮಗು ನಿಮಗಿಂತ ಮೊದಲೇ ಬಂದು ಚಾಪೆ ಹಾಸುತ್ತದೆಯೋ, ಹೊಟ್ಟೆನೋವು ಎನ್ನುತ್ತದೆಯೋ ಗಮನಿಸಿ. ಪಾಠ ಹೇಳುವವರ ಬಿಡುವನ್ನೂ ಲೆಕ್ಕ ಹಾಕಿ. ನಿಮಗೇ ಪರೀಕ್ಷೆ ಇದೆ, ದಿನಕ್ಕೆ ಒಂದು ಗಂಟೆಯಷ್ಟೇ ಕೊಡಬಲ್ಲಿರಿ ಎಂದಾದರೆ, ನಾಲ್ಕು ಗಂಟೆಯ ವೇಳಾಪಟ್ಟಿಯ ಪಠ್ಯ ಎಷ್ಟೇ ಚೆನ್ನಾಗಿದ್ದರೂ ನಿಮ್ಮದಲ್ಲ. ಆರರ ಮಗುವಿಗೆ ಹದಿನೈದು-ಇಪ್ಪತ್ತು ನಿಮಿಷದ ಮೂರು ಪಾಠಗಳು ಸಾಕಾದಾವು. ಉಳಿದ ಹೊತ್ತು ಅಡುಗೆಮನೆ, ಹಿತ್ತಿಲು, ಅಜ್ಜಿಯ ಕಥೆ. ಒಂದು ಕೊರತೆಯನ್ನು ಮಾತ್ರ ಯಾವ ಪೆಟ್ಟಿಗೆಯೂ ತುಂಬದು, ಅದು ಓರಗೆಯ ಮಕ್ಕಳು. ಸಂಜೆ ಅವರನ್ನು ಮನೆಗೆ ಕರೆಯಲೇಬೇಕು.

ಕಾನೂನಿನ ಮಾತು ಕೇಳಿದವರೂ ಇದ್ದಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎನ್ನುತ್ತದೆ. ಸಾಮಾನ್ಯವಾಗಿ ಎಲ್ಲ ಮಕ್ಕಳಿಗೂ ಅನ್ವಯಿಸುವಂತೆ ಮನೆಶಿಕ್ಷಣದ ಏರ್ಪಾಡು ಅದರಲ್ಲಿಲ್ಲ, ಪೋಷಕರಿಗೆ ಶಿಕ್ಷೆಯನ್ನೂ ಹೇಳಿಲ್ಲ. ತೀವ್ರ ಅಂಗವೈಕಲ್ಯವಿರುವ ಮಕ್ಕಳು ಮನೆಯಲ್ಲೇ ಕಲಿಯುವ ಆಯ್ಕೆಯನ್ನು 2012ರ ತಿದ್ದುಪಡಿ ಕೊಟ್ಟಿದೆ. ತಡವಾಗಿ ಶಾಲೆಗೆ ಬರುವ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು, ಪ್ರವೇಶಕ್ಕೆ ಪರೀಕ್ಷೆ ಮಾಡಕೂಡದು ಎಂಬುದೂ ಅದೇ ಕಾಯ್ದೆಯಲ್ಲಿದೆ. ಮನೆಯಲ್ಲೇ ಮುಂದುವರಿಯುವವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲ ಶಿಕ್ಷಣದಲ್ಲಿ ಮೂರು, ಐದು, ಎಂಟನೇ ತರಗತಿಗಳಿಗೆ ಸಮನಾದ ಹಂತಗಳಿವೆ. ಹದಿನಾಲ್ಕು ತುಂಬಿದವರು ಅಲ್ಲಿಯೇ ಹತ್ತನೇ ತರಗತಿಗೂ ಕೂರಬಹುದು.

ಪುಟ್ಟಿ ಮುಂದಿನ ಜೂನ್‌ನಲ್ಲಿ ಊರಿನ ಶಾಲೆಯ ಎರಡನೇ ತರಗತಿಗೆ ಹೋದಳು. ಒತ್ತಕ್ಷರದಲ್ಲಿ ಇನ್ನೂ ತಡವರಿಸುತ್ತಿದ್ದಳು, ತರಗತಿಯ ಅರ್ಧ ಮಕ್ಕಳ ಹಾಗೆಯೇ. ಮೊದಲ ವಾರ ಗಂಟೆಯಾದ ಕೂಡಲೇ ಎದ್ದು ಹೊರಗೆ ನಡೆಯುತ್ತಿದ್ದಳಂತೆ, ಮನೆಯಲ್ಲಿ ಪಾಠ ಮುಗಿದರೆ ಹಿತ್ತಿಲಿಗೆ ಹೋಗಿ ರೂಢಿ. ನನ್ನ ಪೆಟ್ಟಿಗೆ ಅಟ್ಟ ಸೇರಿದೆ. ಅದರೊಳಗಿನ ಪ್ಲಾಸ್ಟಿಕ್ ಘನಗಳನ್ನು ಮಾತ್ರ ಅವಳು ಕೆಳಗಿಳಿಸಿಕೊಂಡು, ಹುಣಿಸೆಬೀಜದ ಗಂಟುಗಳ ಜೊತೆ ಒಂದೇ ಡಬ್ಬಿಯಲ್ಲಿ ಇಟ್ಟಿದ್ದಾಳೆ.