ಸೌರ ಸ್ಥಾವರ, ಕೃಷಿಭೂಮಿ ಮತ್ತು ಪುರಾತತ್ತ್ವ ಪೂರ್ವಪರಿಶೀಲನೆ

ಸೌರ ವಿದ್ಯುತ್ ಸ್ಥಾವರಕ್ಕೆ ಕೃಷಿಭೂಮಿಯನ್ನು ಒಪ್ಪಿಸುವ ಮುನ್ನ ಅದರ ಪುರಾತತ್ತ್ವ ಮಹತ್ತ್ವವನ್ನು ಪರಿಶೀಲಿಸುವ ಪದ್ಧತಿ ಇಂಗ್ಲೆಂಡಿನಲ್ಲಿ ರೂಢಿಗೆ ಬಂದಿದೆ. ಇದಕ್ಕೆ ತಳಹದಿ 1990ರಲ್ಲಿ ಅಲ್ಲಿನ ಸರಕಾರ ಹೊರಡಿಸಿದ ಮಾರ್ಗಸೂಚಿ. ಅವಶೇಷಗಳಿರುವ ಸಂಭವವಿದ್ದರೆ ಅನುಮತಿಗೆ ಮೊದಲೇ ಪರಿಶೀಲನೆ ನಡೆಯಬೇಕು, ವೆಚ್ಚವನ್ನು ನಿರ್ಮಾಣಕಾರರೇ ಭರಿಸಬೇಕು ಎಂಬ ತತ್ತ್ವ ಅದರಿಂದ ನೆಲೆಗೊಂಡಿತು. 2012ರ ರಾಷ್ಟ್ರೀಯ ಯೋಜನಾ ನೀತಿಯಲ್ಲಿಯೂ ಮುಂದುವರಿಯಿತು.

ಕೆಲಸ ಆರಂಭವಾಗುವುದು ಗ್ರಂಥಾಲಯದಲ್ಲಿ: ಹಳೆಯ ನಕಾಶೆಗಳು, ದಾಖಲೆಗಳು, ವಿಮಾನದಿಂದ ತೆಗೆದ ಛಾಯಾಚಿತ್ರಗಳು. ಬಳಿಕ ಮ್ಯಾಗ್ನೆಟೋಮೀಟರ್ ಹಿಡಿದು ಹೊಲವನ್ನು ಸಾಲುಸಾಲಾಗಿ ನಡೆಯುತ್ತಾರೆ. ಬೆಂದ ಮಣ್ಣಿನ ಕಾಂತಗುಣ, ಮೇಲ್ಮಣ್ಣು ತುಂಬಿಕೊಂಡ ಹಳೆಯ ಕಂದಕದ ಕಾಂತಗುಣ ಸುತ್ತಲಿನ ನೆಲಕ್ಕಿಂತ ಭಿನ್ನವಾದುದರಿಂದ ಒಲೆ, ಆವಿಗೆ, ಕಂದಕಗಳು ಅಗೆಯದೆಯೇ ನಕಾಶೆಯಲ್ಲಿ ಮೂಡುತ್ತವೆ. ಆದರೆ ಸಮಾಧಿಯ ಗುಳಿಗಳು, ಮರದ ಕಂಬ ನೆಟ್ಟ ಕುಳಿಗಳು ಹಲವೊಮ್ಮೆ ಉಪಕರಣಕ್ಕೆ ಗೋಚರಿಸುವುದಿಲ್ಲ. ಆದಕಾರಣ ಹೊಲದ ಕೆಲವೇ ಶೇಕಡಾ ಭಾಗದಲ್ಲಿ ಪರೀಕ್ಷಾ ಕಾಲುವೆಗಳನ್ನು ತೋಡುತ್ತಾರೆ. ಉಪಕರಣ ಬರಿದೆಂದು ತೋರಿಸಿದ ಜಾಗದಲ್ಲಿಯೂ ತೋಡುವುದು ಈ ಪದ್ಧತಿಯ ವಿವೇಕ.

ಸೌರಫಲಕಗಳನ್ನು ಹೊರುವ ಉಕ್ಕಿನ ಕಂಬಗಳು ಸಾಮಾನ್ಯವಾಗಿ ಒಂದೂವರೆ, ಎರಡು ಮೀಟರುಗಳಷ್ಟು ಇಳಿಯುತ್ತವೆ. ಒಂದು ಕಂಬದ ಹಾನಿ ಅಲ್ಪ; ಸಾವಿರಾರು ಕಂಬಗಳದು ಹಾಗಲ್ಲ. ಸ್ಥಾವರವಿರುವಷ್ಟು ಕಾಲ ಉಳುಮೆ ನಿಲ್ಲುವುದರಿಂದ ಅವಶೇಷಗಳಿಗೆ ಒಳಿತೇ ಎಂಬ ವಾದವುಂಟು. ಎಲ್ಲಿ ಏನಿದೆಯೆಂದು ಮೊದಲೇ ತಿಳಿದಲ್ಲಿ ಮಾತ್ರ ಅದು ಸಲ್ಲುತ್ತದೆ. ತಿಳಿದರೆ ಆ ಭಾಗವನ್ನು ಬಿಡಬಹುದು, ಇಲ್ಲವೇ ಕಂಬ ನೆಡದೆ ಕಾಂಕ್ರೀಟ್ ದಿಮ್ಮಿಗಳ ಮೇಲೆ ಫಲಕಗಳನ್ನು ನಿಲ್ಲಿಸಬಹುದು.

ಕನ್ನಡದ ಅಧ್ಯಯನಕಾರರಿಗೆ ಈ ವಿಷಯದ ಪ್ರಸಕ್ತಿ ಇರುವುದು ಪಾವಗಡದಂತಹ ಸೀಮೆಗಳಲ್ಲಿ. ಅಲ್ಲಿ 2019ರಲ್ಲಿ ಪೂರ್ಣಗೊಂಡ 2,050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಗಳಲ್ಲಿ ಹಬ್ಬಿದೆ. ನಿಡುಗಲ್ಲಿನ ಚೋಳರ ದುರ್ಗ ಇರುವುದೂ ಅದೇ ತಾಲ್ಲೂಕಿನಲ್ಲಿ. ನಮ್ಮ 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮವು ಘೋಷಿತ ಸ್ಮಾರಕಗಳಿಗೆ ರಕ್ಷಣೆ ನೀಡುತ್ತದೆ. 2010ರ ತಿದ್ದುಪಡಿಯಂತೆ ಅವುಗಳ ಸುತ್ತ 100 ಮೀಟರು ನಿಷೇಧಿತ, ಅದರಾಚೆಯ 200 ಮೀಟರು ನಿಯಂತ್ರಿತ. ಘೋಷಿತವಲ್ಲದ ಹೊಲವನ್ನು ಮೊದಲೇ ಪರಿಶೀಲಿಸಬೇಕೆಂದು ಈ ಅಧಿನಿಯಮ ವಿಧಿಸುವುದಿಲ್ಲ.

ಇಂಗ್ಲೆಂಡಿನ ಹೊಲಗಳಲ್ಲಿ ಪೂರ್ವಕಾಲದ ಸಾಕ್ಷ್ಯ ಬಹುಮಟ್ಟಿಗೆ ಮಣ್ಣಿನಡಿಯಲ್ಲಿದೆ. ನಮ್ಮಲ್ಲಿ ಅದು ಎಷ್ಟೋ ಕಡೆ ಬದುವಿನ ಮೇಲೆಯೇ ನಿಂತಿರುತ್ತದೆ: ವೀರಗಲ್ಲು, ಮಾಸ್ತಿಕಲ್ಲು, ದಾನಶಾಸನ. ದಾನಶಾಸನ ಭೂಮಿಯ ಎಲ್ಲೆಗಳನ್ನು ಮೂಡಣ, ತೆಂಕಣ ಎಂದು ದಿಕ್ಕು ಹಿಡಿದು ಹೇಳುತ್ತದೆ. ಕಲ್ಲನ್ನು ಕಿತ್ತು ವಸ್ತುಸಂಗ್ರಹಾಲಯಕ್ಕೆ ಸಾಗಿಸಿದರೆ ಅಕ್ಷರಗಳು ಉಳಿದಾವು, ಅವು ಹೇಳುವ ಎಲ್ಲೆಗಳನ್ನು ಗುರುತಿಸುವ ದಾರಿ ಅಳಿಯುತ್ತದೆ. ಸಾಹಿತ್ಯದ ವಿದ್ಯಾರ್ಥಿಗಳು ಈ ನಷ್ಟವನ್ನು ಪುರಾತತ್ತ್ವಜ್ಞರಿಗೆ ಬಿಟ್ಟು ಸುಮ್ಮನಿರುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಗ್ರಂಥಾಲಯದ ಹಂತವನ್ನಾದರೂ ರಾಜ್ಯದ ಹೊರಗಿರುವ ನಾವು ಇಂದೇ ಕೈಗೊಳ್ಳಬಹುದು. ಬಿ. ಎಲ್. ರೈಸ್ ಅವರು 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ 12ನೆಯ ಸಂಪುಟ ತುಮಕೂರು ಜಿಲ್ಲೆಯದು. ಕಲ್ಲು ಇದ್ದ ಊರು, ಹೊಲ, ಗುಡಿಗಳನ್ನು ರೈಸ್ ನಮೂದಿಸುತ್ತಾರೆ. ಆ ನಮೂದುಗಳನ್ನು ಗ್ರಾಮನಕಾಶೆಗಳ ಸರ್ವೆ ನಂಬರುಗಳೊಡನೆ ತಾಳೆ ನೋಡಿದರೆ, ಕಂಬ ನೆಡುವ ಮುನ್ನ ಯಾವ ಹೊಲಗಳನ್ನು ನಡೆದು ನೋಡಬೇಕೆಂಬ ಪಟ್ಟಿ ಸಿದ್ಧವಾಗುತ್ತದೆ.