ಮೈಗೆ ಮೈ ಕೂಡಿಸಿಕೊಳ್ಳುವ ಮೀನು

ಸೋಲಾಪುರ, ಅಕ್ಕಲಕೋಟೆಯ ನಮಗೆ ಮೀನೆಂದರೆ ಉಜನಿಯ ರೋಹು, ಕಟ್ಲಾ. ಕಡಲು ದೂರ. ಆದರೂ 2025ರಲ್ಲಿ ಕಡಲಾಳದ ಮೀನೊಂದು ಮೊಬೈಲ್‌ಗಳಲ್ಲಿ ಊರೂರು ಸುತ್ತಿತು. ಸ್ಪೇನ್ ದೇಶದ ಟೆನೆರಿಫ್ ದ್ವೀಪದ ಬಳಿ ಹಾಡುಹಗಲೇ ಮೇಲೆ ಬಂದಿದ್ದ, ಕಪ್ಪು ಮೈಯ, ಕೋರೆಹಲ್ಲಿನ ಆಂಗ್ಲರ್ ಮೀನು ಅದು. ಅದರ ಬಳಗದಲ್ಲೇ ಎಲ್ಲಕ್ಕಿಂತ ದೊಡ್ಡದು 'ಸೆರಾಟಿಯಸ್ ಹೋಲ್ಬೋಲಿ'. ನಮಗೆ ಹೆಚ್ಚು ಕುತೂಹಲ ಇದರ ಬಗ್ಗೆಯೇ.

ಸೋಲಾಪುರ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ. ಅದರ ಎರಡು ಪಟ್ಟು ನೀರಿನೊಳಗೆ ಇಳಿದರೆ ಬಿಸಿಲೇ ಇಲ್ಲದ ಕತ್ತಲು. ಈ ಮೀನಿನ ವಾಸ ಅಂಥಲ್ಲಿ. ಹೆಣ್ಣು 1.2 ಮೀಟರ್‌ವರೆಗೆ ಬೆಳೆಯುತ್ತದೆ. ಬಾಯಿ ಮೇಲ್ಮುಖ, ಕಣ್ಣು ಪುಟ್ಟವು. ಮೂತಿಯ ಮೇಲೊಂದು ಗಾಳದ ಕಡ್ಡಿ, ಅದರ ತುದಿಯ ಗುಂಡಿನಲ್ಲಿ ಬೆಳಕು ಬೀರುವ ಬ್ಯಾಕ್ಟೀರಿಯಾ. ಗುಂಡಿನ ಮೇಲೆ ಒಂದೇ ಎಳೆ ಇದ್ದರೆ ಇದು ಹೋಲ್ಬೋಲಿ. ಎರಡಿದ್ದರೆ, ಇಲ್ಲವೇ ಒಂದೂ ಇಲ್ಲದಿದ್ದರೆ, ಇದರ ಸೋದರ ಜಾತಿಗಳು.

ಗಂಡು ಎಲ್ಲಿ? 1922ರಲ್ಲಿ ಐಸ್‌ಲ್ಯಾಂಡಿನ ವಿಜ್ಞಾನಿ ಸೇಮುಂಡ್ಸನ್ ಇಂಥ ಹೆಣ್ಣಿನ ಹೊಟ್ಟೆಗೆ ಅಂಟಿದ್ದ ಎರಡು ಪುಟ್ಟ ಮೀನುಗಳನ್ನು ಕಂಡು, ಮರಿಗಳೆಂದು ಬರೆದಿಟ್ಟರು. 1925ರಲ್ಲಿ ಲಂಡನ್ನಿನ ರೀಗನ್ ಅಂಥದೊಂದನ್ನು ಕೊಯ್ದು ನೋಡಿದಾಗ ಅದು ಗಂಡೆಂದು ತಿಳಿಯಿತು! ಚಿಕ್ಕ ಗಂಡು ಹೆಣ್ಣನ್ನು ಕಚ್ಚಿ ಹಿಡಿಯುತ್ತದೆ, ಚರ್ಮ ಬೆಸೆಯುತ್ತದೆ, ರಕ್ತನಾಳಗಳು ಕೂಡುತ್ತವೆ. ಮುಂದೆ ಅದಕ್ಕೆ ಆಹಾರವೆಲ್ಲ ಹೆಣ್ಣಿನ ರಕ್ತದಿಂದಲೇ. (ಮದುವೆಯ ಪ್ರಸಂಗಕ್ಕೆ ಈ ಉದಾಹರಣೆ ಬೇಡ ಎಂದು ನಮ್ಮ ಗುರುಮಿತ್ರರಿಗೆ ಸೂಚನೆ.)

ನಮ್ಮ ಮನಸ್ಸು ನಿಂತದ್ದು ಬೇರೆ ಕಡೆ. ಕಿಡ್ನಿ ಕಸಿಯಾದವರ ಮನೆಯ ಕಷ್ಟ ನಿಮಗೆ ಗೊತ್ತು. ಹೆತ್ತ ತಾಯಿಯೇ ಕೊಟ್ಟ ಕಿಡ್ನಿಯಾದರೂ ಮಗನ ಮೈ ಅದನ್ನು ಪರಕೀಯವೆಂದು ಹೊಡೆದೋಡಿಸಲು ನೋಡುತ್ತದೆ. ಅದನ್ನು ತಡೆಯುವ ಗುಳಿಗೆಯನ್ನು ದಿನವೂ ತಪ್ಪದೆ ನುಂಗಬೇಕು. ಆ ಗುಳಿಗೆ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುವುದರಿಂದ ಸಣ್ಣ ಸೋಂಕಿಗೂ ಅಂಜಬೇಕು. ಹಾಗಿದ್ದ ಮೇಲೆ ಇಡೀ ಒಂದು ಮೀನನ್ನೇ ಈ ಹೆಣ್ಣು ಹೇಗೆ ತಾಳಿಕೊಳ್ಳುತ್ತದೆ?

2020ರಲ್ಲಿ ಜರ್ಮನಿ ಮತ್ತು ಅಮೆರಿಕದ ವಿಜ್ಞಾನಿಗಳು ಈ ಬಳಗದ ಹಲವು ಜಾತಿಗಳ ಜೀನುಗಳನ್ನು ಪರೀಕ್ಷಿಸಿ ಉತ್ತರ ಕೊಟ್ಟರು. ಗಂಡು ಅಂಟಿಕೊಳ್ಳುವ ಜಾತಿಗಳಲ್ಲಿ ಪ್ರತಿಕಾಯಗಳನ್ನು ಹರಿತಗೊಳಿಸುವ ಜೀನು ಕೆಟ್ಟಿದೆ. ಕೆಲವು ಜಾತಿಗಳಲ್ಲಂತೂ ಪ್ರತಿಕಾಯಗಳನ್ನೇ ತಯಾರಿಸಲಾಗದಷ್ಟು ಜೀನುಗಳು ಕಳೆದುಹೋಗಿವೆ. ಪರಕೀಯನನ್ನು ಗುರುತಿಸಿ ಹೊಡೆಯುವ ಸೈನ್ಯವನ್ನೇ ಅವು ಬಿಟ್ಟುಕೊಟ್ಟಿವೆ. ಮನುಷ್ಯನಿಗೆ ಹೀಗಾದರೆ ಮೊದಲ ಸೋಂಕೇ ಜೀವಕ್ಕೆ ಮುಳುವಾದೀತು. ಈ ಮೀನುಗಳು ಮಾತ್ರ ಬದುಕಿವೆ. ಹುಟ್ಟಿನಿಂದಲೇ ಬರುವ ಸರಳ ರಕ್ಷಣೆ ಅವುಗಳಲ್ಲಿ ಬಲಗೊಂಡಿರಬಹುದೆಂದು ಆ ವಿಜ್ಞಾನಿಗಳ ಊಹೆ. ಆ ಗುಟ್ಟು ತಿಳಿದರೆ ನಮ್ಮ ರೋಗಿಗಳ ರಕ್ಷಣೆಗೂ ಒಂದು ದಾರಿ ಸಿಕ್ಕೀತೆಂದು ಅವರು ಹುಡುಕುತ್ತಿದ್ದಾರೆ.