ಮುಚ್ಚಿದ ಪೆಟ್ಟಿಗೆಯಲ್ಲಿ ಹಪ್ಪಳ ಬೇಗ ಒಣಗುವುದೇಕೆ?

ಖಾನಾಪುರದ ನಮ್ಮ ನಂಟರು ಹಲಸಿನ ಹಪ್ಪಳವನ್ನು ಪ್ಲಾಸ್ಟಿಕ್ ಹಾಳೆ ಹೊದಿಸಿದ ಪೆಟ್ಟಿಗೆಯಲ್ಲಿ ಒಣಗಿಸುತ್ತಾರೆ. ಬಯಲಿಗಿಂತ ಅಲ್ಲಿ ಬೇಗ ಒಣಗುವುದೇಕೆ? – ಓದುಗರೊಬ್ಬರು, ಬೆಳಗಾವಿ

ಹಪ್ಪಳದ ನೀರನ್ನು ಹೊತ್ತೊಯ್ಯುವುದು ಗಾಳಿ. ಘಟ್ಟದ ಅಂಚಿನ ಖಾನಾಪುರದಲ್ಲಿ ಮಳೆಗಾಲ ಸಮೀಪಿಸಿದಂತೆ ಗಾಳಿಯಲ್ಲೇ ತೇವ ತುಂಬಿರುತ್ತದೆ. ನೆನೆದ ಬಟ್ಟೆಯಿಂದ ನೆಲ ಒರೆಸಿದರೆ ನೀರು ಹೋದೀತೇ? ಹಾಗೇ ಇದೂ.

ಪೆಟ್ಟಿಗೆಯ ಕಪ್ಪು ತಳ ಬಿಸಿಲಿಗೆ ಕಾಯುತ್ತದೆ, ಹೊದಿಕೆ ಆ ಶಾಖವನ್ನು ಹಿಡಿದಿಡುತ್ತದೆ. 30 ಡಿಗ್ರಿಯಲ್ಲಿ ಶೇ. 80 ಆರ್ದ್ರತೆ ಇದ್ದ ಗಾಳಿ 50 ಡಿಗ್ರಿಗೆ ಕಾದರೆ, ಆರ್ದ್ರತೆ ಶೇ. 30ಕ್ಕಿಂತ ಕೆಳಗಿಳಿಯುತ್ತದೆ, ಇನ್ನಷ್ಟು ನೀರು ಹೀರುವ ಶಕ್ತಿ ಅದಕ್ಕೆ ಬರುತ್ತದೆ. ಕೆಳಗಿನ ಕಿಂಡಿಯಿಂದ ನುಗ್ಗಿದ ಗಾಳಿ ಬಿಸಿಯಾಗಿ, ತೇವ ಹೊತ್ತು ಮೇಲಿನ ಕಿಂಡಿಯಿಂದ ಹೊರಬೀಳುತ್ತದೆ. ದೂಳು, ನೊಣ, ಕೋಳಿಗಳ ಕಾಟವೂ ಇಲ್ಲ! ಮೇಲಿನ ಕಿಂಡಿ ಮಾತ್ರ ಮುಚ್ಚಬೇಡಿ; ಹೊದಿಕೆ ಬೆವರಿ ಹಪ್ಪಳಕ್ಕೆ ಬೂಷ್ಟು ಹಿಡಿಯುತ್ತದೆ.